ಹೂ ನಿಲ್ಲಿಸಿದ್ದ ಸೀಲಾಜಿನಿಗೆ ಹೊಸ ಬುಟ್ಟಿ: ಕಾಲಿಂಪಾಂಗ್‌ನ ಒಂದು ಕೆಲಸದ ದಾಖಲೆ

ಹೂ ಬಿಡುವುದನ್ನು ನಿಲ್ಲಿಸಿದ್ದ ಹಳೆಯ ಆರ್ಕಿಡ್ ಪೊದೆಯೊಂದನ್ನು ಕೊಳೆತ ಬುಟ್ಟಿಯಿಂದ ಬಿಡಿಸಿ, ಶುಚಿಮಾಡಿ, ಹೊಸ ಬುಟ್ಟಿಯಲ್ಲಿ ಕೂರಿಸಿ ಮತ್ತೆ ಹೂವಿಗೆ ತಂದ ಕೆಲಸದ ದಾಖಲೆ ಇದು. ಗಿಡದ ಹೆಸರು ಸೀಲಾಜಿನಿ ಕ್ರಿಸ್ಟಾಟಾ. ಕೆಲಸ ನಡೆದದ್ದು ಪಶ್ಚಿಮ ಬಂಗಾಳದ ಉತ್ತರ ತುದಿಯ ಬೆಟ್ಟದೂರು ಕಾಲಿಂಪಾಂಗ್‌ನಲ್ಲಿ, ನಾವು ಬಾಡಿಗೆಗಿರುವ ಮನೆಯ ಹಿತ್ತಿಲಲ್ಲಿ. ಉದ್ಯೋಗದ ನಿಮಿತ್ತ ಸಾಗರದ ಕಡೆಯಿಂದ ಇಲ್ಲಿಗೆ ಬಂದ ನಮಗೆ ಆರ್ಕಿಡ್ ಎಂದರೆ ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಮರಗಳಿಂದ ಇಳಿಬೀಳುವ ಸೀತಾಳೆ ದಂಡೆ. ಅದನ್ನು ಸಾಕಿದ ಅನುಭವ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಸೀತಾಳೆ ದಂಡೆಯ ಬೇರು ದಪ್ಪ, ಗಾಳಿಗೆ ಬಿಟ್ಟರೆ ಅದಕ್ಕೆ ಸುಖ. ಸೀಲಾಜಿನಿಯ ಬೇರು ಸಣ್ಣದು, ಪಾಚಿಯೊಳಗೆ ಹರಿಯುವಂಥದ್ದು, ಮುಟ್ಟಿದರೆ ಮುನಿಯುವಂಥದ್ದು. ನೀರಿನ ಸಂಗ್ರಹವೆಲ್ಲ ಎಲೆಯ ಬುಡದಲ್ಲಿರುವ ಹಸಿರು ಗಡ್ಡೆಗಳಲ್ಲಿ.

ಗಿಡದ ವಿಚಾರ ಎರಡು ಮಾತು. ನೇಪಾಳ, ಡಾರ್ಜಿಲಿಂಗ್, ಸಿಕ್ಕಿಂ, ಭೂತಾನ್ ಮತ್ತು ಈಶಾನ್ಯದ ಬೆಟ್ಟಗಳಲ್ಲಿ, ಸುಮಾರು 1,500ರಿಂದ 2,600 ಮೀಟರ್ ಎತ್ತರದ ತಂಪು ಕಾಡುಗಳಲ್ಲಿ, ಪಾಚಿ ಹಿಡಿದ ಮರದ ಕಾಂಡ ಮತ್ತು ಬಂಡೆಗಳ ಮೇಲೆ ಇದು ಬೆಳೆಯುತ್ತದೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ 1821ರಲ್ಲಿ ಸೀಲಾಜಿನಿ ಎಂಬ ಕುಲವನ್ನು ಸ್ಥಾಪಿಸಿದಾಗ ಆಧಾರವಾಗಿ ಇಟ್ಟುಕೊಂಡದ್ದು ಇದೇ ಪ್ರಭೇದವನ್ನು. ಎಲೆ ಸೇರಿಸಿದರೂ ಗಿಡದ ಎತ್ತರ ಒಂದು ಗೇಣಿನ ಆಸುಪಾಸು. ಚಳಿಗಾಲ ಮುಗಿಯುವಾಗ ಗಡ್ಡೆಗಳ ಬುಡದಿಂದ ಜೋತುಬೀಳುವ ಗೊಂಚಲುಗಳಲ್ಲಿ, ಅಂಚು ಅಲೆಯಲೆಯಾಗಿರುವ ಬಿಳಿ ಹೂಗಳು ಅರಳುತ್ತವೆ. ಹೂವಿನ ತುಟಿದಳದ ಒಳಗೆ ಹಳದಿಯ ಏಣುಗಳಿದ್ದು, ಅವುಗಳ ಅಂಚು ಸಣ್ಣ ಕುಚ್ಚಿನಂತೆ ಸೀಳಿರುತ್ತದೆ. ಪರಿಮಳ ಮೆಲುವಾದದ್ದು; ಹತ್ತಿರ ನಿಂತರೆ ಮಾತ್ರ ತಿಳಿಯುತ್ತದೆ.

ಕಾಲಿಂಪಾಂಗ್ ಪೇಟೆ ಇರುವುದು ಸುಮಾರು 1,250 ಮೀಟರ್ ಎತ್ತರದಲ್ಲಿ, ಅಂದರೆ ಗಿಡದ ಸಹಜ ನೆಲೆಗಿಂತ ತುಸು ಕೆಳಗೆ. ಆದ್ದರಿಂದ ಡಾರ್ಜಿಲಿಂಗ್‌ನಲ್ಲಿ ಯಾವ ಉಪಚಾರವೂ ಇಲ್ಲದೆ ಹೂ ಬಿಡುವ ಗಿಡಕ್ಕೆ ಇಲ್ಲಿ ಜಾಗ ಆರಿಸಿಕೊಡಬೇಕಾಗುತ್ತದೆ. ಈ ದಾಖಲೆಯ ಒಂದು ಭಾಗ ಆ ಜಾಗದ ಕುರಿತೇ ಇದೆ.

2023 ಮಾರ್ಚ್ ಮೊದಲ ವಾರ: ಇಳಿಸಿ ನೋಡಿದ್ದು

ಪೊದೆ ಮನೆಯೊಡತಿಯದು. ಬೀದಿಯವರೆಲ್ಲ ಅವರನ್ನು ಆಮಾ, ಅಂದರೆ ನೇಪಾಳಿಯಲ್ಲಿ ಅಮ್ಮ, ಎಂದೇ ಕರೆಯುತ್ತಾರೆ. ಗಾಜು ಹಾಕಿಸಿದ ದಕ್ಷಿಣದ ಜಗುಲಿಯಲ್ಲಿ ಅದು ತೂಗುತ್ತಿತ್ತು. "ಮೊದಲು ಮುಖ ಕಾಣದಷ್ಟು ಹೂ ಬಿಡುತ್ತಿತ್ತು ಭಾಯಿ, ಜಗುಲಿಗೆ ಗಾಜು ಹಾಕಿಸಿದ ಮೇಲೆ ಬರೀ ಎಲೆ" ಎಂದು ಆಮಾ ಹೇಳಿದ ಮಾತಿನಲ್ಲಿ ರೋಗದ ಕಾರಣ ಬಹುಪಾಲು ಇತ್ತು. ಚಳಿಗಾಲದ ಬಿಸಿಲಿಗೆ ಗಾಜಿನ ಒಳಗೆ ಬೆಚ್ಚಗಾಗುತ್ತಿತ್ತು. ಬೆಚ್ಚಗಿದೆಯೆಂದು ಅವರು ವರ್ಷವಿಡೀ ನೀರು ಹಾಕುತ್ತಿದ್ದರು. ಗಿಡಕ್ಕೆ ಚಳಿಯೂ ಸಿಗಲಿಲ್ಲ, ಒಣ ಬಿಡುವೂ ಸಿಗಲಿಲ್ಲ.

ಬುಟ್ಟಿಯನ್ನು ಇಳಿಸಿದಾಗ ಎರಡನೆಯ ಕಾರಣ ಕಂಡಿತು. ಬಿದಿರಿನ ಬುಟ್ಟಿಯ ಒಳಗೆ, ನೀರು ನೆಲಕ್ಕೆ ತೊಟ್ಟಿಕ್ಕದಿರಲೆಂದು, ಯಾರೋ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅದಕ್ಕೆ ಚುಚ್ಚಿದ್ದ ತೂತುಗಳು ಮಣ್ಣಾಗಿ ಹೋದ ತೊಗಟೆಯಿಂದ ಮುಚ್ಚಿದ್ದವು. ಕೈ ಹಾಕಿದರೆ ತಳದ ಮೂರು ಇಂಚು ಕೆಸರು, ಹುಳಿ ವಾಸನೆ. ಪೊದೆಯ ನಡುವಿನ ಗಡ್ಡೆಗಳು ಕಪ್ಪಾಗಿ, ಒತ್ತಿದರೆ ನೀರು ಬಿಡುತ್ತಿದ್ದವು. ಅಂಚಿನ ಸುತ್ತ ಮಾತ್ರ ಜೀವವಿತ್ತು, ಸುಮಾರು ಅರವತ್ತು ಗಡ್ಡೆಗಳಷ್ಟು.

ಬೇರಿಗೆ ಜೀವವಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭ. ಬೆರಳ ತುದಿಯಲ್ಲಿ ಬೇರನ್ನು ಮೆಲ್ಲಗೆ ಹಿಡಿದು ಎಳೆಯಬೇಕು. ಸತ್ತ ಬೇರಾದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ಕೂದಲೆಳೆಯಂಥ ನಾರು ಉಳಿಯುತ್ತದೆ. ಜೀವವಿರುವ ಬೇರು ಗಟ್ಟಿಯಾಗಿದ್ದು ಸಿಪ್ಪೆ ಬಿಡುವುದಿಲ್ಲ. ಈ ಪೊದೆಯಲ್ಲಿ ಬುಟ್ಟಿಯ ಗೋಡೆಗೆ ಅಂಟಿದ್ದ, ಗಾಳಿ ಆಡುತ್ತಿದ್ದ ಬೇರುಗಳಷ್ಟೇ ಗಟ್ಟಿಯಾಗಿದ್ದವು.

2023 ಮಾರ್ಚ್ ಕೊನೆ: ಕತ್ತರಿಸಿದ್ದು

ಈ ಗಿಡವನ್ನು ಬೇಕೆಂದಾಗ ಬಿಡಿಸಲಾಗದು. ಹೊಸ ಚಿಗುರು ಅರ್ಧ ಇಂಚು ಎದ್ದು, ಅದರ ಬುಡದಲ್ಲಿ ಬೇರಿನ ಮೊಳಕೆ ಕಾಣಿಸುವ ತನಕ ಕಾಯಬೇಕು. ಆ ಹೊತ್ತಿನಲ್ಲಿ ಬಿಡಿಸಿದರೆ ಹೊಸ ಬೇರು ಹೊಸ ಆಸರೆಯೊಳಗೆ ನೇರವಾಗಿ ಇಳಿಯುತ್ತದೆ. ಬೇರು ಉದ್ದವಾದ ಮೇಲೆ ಕೈಹಾಕಿದರೆ ತುದಿ ಮುರಿದು, ಆ ವರ್ಷದ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಕೊಳೆತದ್ದನ್ನು ಕಂಡ ಮೇಲೂ ಎರಡು ಮೂರು ವಾರ ಪ್ಲಾಸ್ಟಿಕ್ಕನ್ನು ಸೀಳಿ ನೀರು ಬಸಿದು, ಪೊದೆಯನ್ನು ನೆರಳಿನಲ್ಲಿ ಒಣಗಲು ಬಿಟ್ಟಿದ್ದೆವು.

ಬಳಸಿದ ಸಲಕರಣೆಗಳು: ಸವರುವ ಕತ್ತರಿ, ಹೊಸ ಬ್ಲೇಡು, ಹಳೆಯ ಹಲ್ಲುಜ್ಜುವ ಬ್ರಷ್ಷು, ಎರಡು ಬಕೆಟ್ ಮಳೆನೀರು. ಕತ್ತರಿಯ ಅಲಗನ್ನು ಪ್ರತಿ ಕಡಿತಕ್ಕೂ ಮುನ್ನ ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿ ಆರಿಸಿದೆವು. ಒಂದು ಗಡ್ಡೆಯ ಕೊಳೆ ಇನ್ನೊಂದಕ್ಕೆ ಹೋಗಲು ಅಲಗೇ ದಾರಿ.

ಕೊಳೆತ ಭಾಗವನ್ನು ತೆಗೆಯುವಾಗ ಗಡ್ಡೆಗಳನ್ನು ಜೋಡಿಸುವ ಕಾಂಡದ ಕಡಿತವನ್ನು ನೋಡುತ್ತ ಹೋಗಬೇಕು. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೊಂದು ಗಡ್ಡೆಯಷ್ಟು ಹಿಂದಕ್ಕೆ ಹೋಗಿ ಮತ್ತೆ ಕತ್ತರಿಸುವುದು, ಹಸಿರು ಬಿಳುಪಿನ ಶುದ್ಧ ತಿರುಳು ಕಂಡಲ್ಲಿ ನಿಲ್ಲಿಸುವುದು. ಎಲೆ ಉದುರಿದ, ಸುಕ್ಕುಗಟ್ಟಿದರೂ ಗಟ್ಟಿಯಾಗಿರುವ ಹಳೆಯ ಗಡ್ಡೆಗಳನ್ನು ತೆಗೆಯಲಿಲ್ಲ. ನೋಡಲು ಅಂದವಿಲ್ಲದಿದ್ದರೂ ಬೇರು ಕಳೆದುಕೊಂಡ ಪೊದೆ ಮೊದಲ ತಿಂಗಳುಗಳಲ್ಲಿ ಬದುಕುವುದು ಅವುಗಳಲ್ಲಿರುವ ನೀರಿನಿಂದಲೇ.

ಕೊನೆಗೆ ಮೂರು ತುಂಡುಗಳಾದವು: 28 ಗಡ್ಡೆಗಳ ದೊಡ್ಡದು, 14ರ ನಡುವಿನದು, 9ರ ಸಣ್ಣದು. ನೆರೆಹೊರೆಯವರಿಗೆ ಒಂದೊಂದು ಕೊಡುವ ಆಸೆಯಿಂದ ಇನ್ನೂ ಸಣ್ಣದಾಗಿ ಹೋಳು ಮಾಡಬೇಕೆಂದು ಮನೆಯಲ್ಲಿ ಒತ್ತಾಯವಿತ್ತು. ನಾನು ಒಪ್ಪಲಿಲ್ಲ. ಈ ಜಾತಿ ಗುಂಪಾಗಿದ್ದರೇ ಹೂ ಬಿಡುವುದು; ಐದಾರು ಗಡ್ಡೆಗಿಂತ ಕಡಿಮೆಯ ತುಂಡು ಬದುಕಿದರೂ ಹೂವಿಗೆ ವರ್ಷಗಟ್ಟಲೆ ಕಾಯಿಸುತ್ತದೆ.

ಗಡ್ಡೆಗಳಿಗೆ ಅಂಟಿದ್ದ ಕಂದು ಕಾಗದದಂಥ ಒಣ ಹೊದಿಕೆಗಳನ್ನು ಬಿಡಿಸಿದಾಗ ಅಡಿಯಲ್ಲಿ ರಸ ಹೀರುವ ಶಲ್ಕ ಕೀಟಗಳು ಸಾಲಾಗಿ ಕೂತಿದ್ದವು. ಮೇಲಿನಿಂದ ನೋಡಿದರೆ ಅವುಗಳ ಸುಳಿವೇ ಇರಲಿಲ್ಲ. ಒಂದು ಲೀಟರ್ ನೀರಿಗೆ ಕೆಲವು ಹನಿ ಪಾತ್ರೆ ತೊಳೆಯುವ ಸೋಪುದ್ರಾವಣ ಬೆರೆಸಿ, ಬ್ರಷ್ಷಿನಿಂದ ಒಂದೊಂದೇ ಗಡ್ಡೆಯನ್ನು ಉಜ್ಜಿ, ಮಳೆನೀರಿನಲ್ಲಿ ತೊಳೆದೆವು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ನಂತರ ಕಡಿತಗಳಿಗೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ, ತುಂಡುಗಳನ್ನು ಗಾಳಿಯಾಡುವ ನೆರಳಿನಲ್ಲಿ ಹಳೆಯ ಪತ್ರಿಕೆಯ ಮೇಲೆ ಎರಡು ರಾತ್ರಿ ಬಿಟ್ಟೆವು.

2023 ಏಪ್ರಿಲ್: ಬುಟ್ಟಿ ಕಟ್ಟಿದ್ದು

ಹೂಗೊಂಚಲು ಜೋತುಬೀಳುವುದರಿಂದ ಈ ಗಿಡಕ್ಕೆ ಕುಂಡ ಹೊಂದುವುದಿಲ್ಲ. ಕುಂಡದ ಅಂಚಿಗೆ ಮೊಗ್ಗು ತಾಗಿ, ಅಲ್ಲಿ ನಿಂತ ನೀರಿನಲ್ಲಿ ಕೊಳೆಯುತ್ತದೆ. ರೀಪುಗಳನ್ನು ಅಡ್ಡ ಉದ್ದವಾಗಿ ಪೇರಿಸಿ ಕಟ್ಟಿದ ತೂಗುಬುಟ್ಟಿಯಲ್ಲಿ ನಾಲ್ಕು ಕಡೆಯಿಂದಲೂ ಗಾಳಿ ಹಾಯುತ್ತದೆ, ಗೊಂಚಲಿಗೂ ಎಡೆ ಸಿಗುತ್ತದೆ.

ಮರಕ್ಕೆ ದೂರ ಹುಡುಕಬೇಕಾಗಲಿಲ್ಲ. ಡಾರ್ಜಿಲಿಂಗ್ ಬೆಟ್ಟಗಳ ತುಂಬ ನೆಟ್ಟಿರುವ, ಜಪಾನ್ ಮೂಲದ ಕ್ರಿಪ್ಟೊಮೇರಿಯಾ ಮರಕ್ಕೆ ಇಲ್ಲಿ ಧುಪಿ ಎನ್ನುತ್ತಾರೆ. ಅದರ ಕೆಂಪು ತಿರುಳು ಹಗುರ, ನೀರಿಗೆ ಬೇಗ ಕೊಳೆಯುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ. ಮರ ಕೊಯ್ಯುವ ಮಿಲ್ಲಿನ ತುಂಡುಗಳ ರಾಶಿಯಿಂದ ಕೆಂಪು ಭಾಗವನ್ನೇ ಆರಿಸಿ, ಮಿಸ್ತ್ರಿಯ ಕೈಯಲ್ಲಿ ಒಂದು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, 14 ಇಂಚು ಉದ್ದದ 18 ರೀಪುಗಳನ್ನು ಸೀಳಿಸಿದೆ. ವಾರ್ನಿಷ್ ಹಚ್ಚಿ ಕೊಡಲೇ ಎಂದು ಮಿಸ್ತ್ರಿ ಕೇಳಿದರು. "ಬೇಡ ದಾಜು (ಅಣ್ಣ), ಬೇರು ಇದಕ್ಕೇ ಅಂಟಬೇಕು" ಎಂದು ಹೇಳಿ ಹಾಗೆಯೇ ತಂದೆ.

ಕಟ್ಟಿದ ಕ್ರಮ ಹೀಗೆ. 12 ರೀಪುಗಳ ಎರಡೂ ತುದಿಯಲ್ಲಿ, ತುದಿಯಿಂದ ಒಂದು ಇಂಚು ಒಳಗೆ, 5 ಮಿಲಿಮೀಟರ್ ತೂತು. ಎರಡು ರೀಪು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಹೀಗೆ ಆರು ವರಸೆ ಪೇರಿಸಿದರೆ ನಾಲ್ಕೂವರೆ ಇಂಚು ಎತ್ತರ ಬರುತ್ತದೆ. ನಾಲ್ಕು ಮೂಲೆಗೂ ಒಂದೊಂದು ಸರಳು ಪೋಣಿಸಿ, ಕೆಳತುದಿಯನ್ನು ಇಕ್ಕುಳದಿಂದ ಮಡಚಿ, ಮೇಲ್ತುದಿಯನ್ನು ಸರಪಳಿಗೆ ಕೊಂಡಿ ಮಾಡುವುದು. ಉಳಿದ ಆರು ರೀಪುಗಳನ್ನು ಕೆಳಗಿನ ಎರಡು ರೀಪುಗಳ ಮೇಲೆ ಅಡ್ಡ ಹಾಸಿ ಸ್ಟೀಲ್ ಮೊಳೆ ಹೊಡೆಯುವುದು. ನಡುವೆ ಸುಮಾರು ಮುಕ್ಕಾಲು ಇಂಚು ಸಂದು.

ಮೊದಲು ಮೂಲೆಗಳಿಗೆ ಬಳಸಿದ್ದು ಮನೆಯಲ್ಲಿದ್ದ ಸತುವಿನ ಲೇಪದ ಕಬ್ಬಿಣದ ತಂತಿ. ಹೊರಗೆ ತೂಗುಹಾಕಿದ ಕೆಲವೇ ವಾರಗಳಲ್ಲಿ, ಇಕ್ಕುಳ ಕಚ್ಚಿ ಲೇಪ ಹೋದ ಕಡೆಯೆಲ್ಲ ತುಕ್ಕು ಹಿಡಿದು, ಕೆಂಪು ನೀರು ತೂತಿನಿಂದ ಒಳಕ್ಕೆ ಇಳಿಯತೊಡಗಿತು. ಗಿಡ ಕೂರಿಸುವ ಮುನ್ನವೇ ಬಿಚ್ಚಿ, 4 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿದೆ. ಅದನ್ನು ಮಡಚಲು ಕೈಬಲ ಸಾಲದು. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಗ್ಗಿಸಬೇಕಾಯಿತು. ಇದೇ ಕೆಲಸಕ್ಕೆ ಇಳಿಯುವವರು ಕಬ್ಬಿಣದ ತಂತಿಯ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಬೇರು ಹಿಡಿದ ಮೇಲೆ ತಂತಿ ತುಂಡಾದರೆ ಮತ್ತೆ ಪೊದೆಯನ್ನೇ ಒಡೆಯಬೇಕಾಗುತ್ತದೆ.

2023 ಏಪ್ರಿಲ್ ಕೊನೆ: ಮೂರು ತುಂಡು, ಮೂರು ಆಸರೆ

ದೊಡ್ಡ ತುಂಡು ಹೊಸ ಬುಟ್ಟಿಗೆ. ತಳಕ್ಕೆ ಒಂದೂವರೆ ಇಂಚಿನ ಇದ್ದಿಲ ತುಂಡುಗಳು, ಮೇಲೆ ಅರ್ಧದಿಂದ ಮುಕ್ಕಾಲು ಇಂಚಿನ ಪೈನ್ ತೊಗಟೆ ನಾಲ್ಕು ಪಾಲು, ಇದ್ದಿಲು ಒಂದು ಪಾಲು, ಕೊನೆಯ ಅರ್ಧ ಇಂಚು ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ. ತೊಗಟೆಯನ್ನು ಹಿಂದಿನ ದಿನವೇ ನೆನೆಹಾಕಿ, ಜರಡಿ ಹಿಡಿದು ಪುಡಿಯನ್ನೆಲ್ಲ ತೆಗೆದಿದ್ದೆವು. ಹಳೆಯ ಬುಟ್ಟಿಯ ತೂತುಗಳನ್ನು ಮುಚ್ಚಿದ್ದು ಆ ಪುಡಿಯೇ. ಆಸರೆಯನ್ನು ಬುಟ್ಟಿಯ ಅಂಚಿಗಿಂತ ಎರಡು ಇಂಚು ಮೇಲಕ್ಕೆ ಗುಡ್ಡೆ ಮಾಡಿ, ಅದರ ಮೇಲೆ ಪೊದೆಯನ್ನು ಕೂರಿಸಿದೆವು. ಹೀಗೆ ಮಾಡಿದರೆ ಗಡ್ಡೆಯ ಬುಡದಲ್ಲಿ ನೀರು ನಿಲ್ಲುವುದಿಲ್ಲ, ಗೊಂಚಲು ಇಳಿಜಾರಿನಲ್ಲಿ ತಾನಾಗಿ ಹೊರಕ್ಕೆ ಬಾಗುತ್ತದೆ.

ನಡುವಿನ ತುಂಡು ಮರದ ದಿಮ್ಮಿಗೆ. ಸೌದೆಯ ರಾಶಿಯಲ್ಲಿದ್ದ, ಇಲ್ಲಿ ಉತ್ತಿಸ್ ಎನ್ನುವ ಆಲ್ಡರ್ ಮರದ ಎರಡಡಿ ತುಂಡಿನ ಮೇಲೆ ತೆಳುವಾಗಿ ಪಾಚಿ ಹರಡಿ, ಪೊದೆಯನ್ನು ಕಟ್ಟಿದೆವು. ಕಟ್ಟಲು ಹತ್ತಿ ದಾರ ಆಗದು, ಬೇರು ಹಿಡಿಯುವ ಮೊದಲೇ ಕೊಳೆಯುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಗಡ್ಡೆಯನ್ನು ಕೊಯ್ಯುತ್ತದೆ. ಹಳೆಯ ನೈಲಾನ್ ಕಾಲುಚೀಲವನ್ನು ಅಡ್ಡಕ್ಕೆ ಕತ್ತರಿಸಿ ಮಾಡಿದ ಪಟ್ಟಿಗಳು ಹಿಗ್ಗುತ್ತವೆ, ಕೊಯ್ಯುವುದಿಲ್ಲ, ಮಳೆಗೂ ತಡೆಯುತ್ತವೆ. ಗಿಡ ಅಲುಗಾಡದಷ್ಟು ಬಿಗಿ ಇರಬೇಕು. ಅಲುಗಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ.

ಸಣ್ಣ ತುಂಡಿಗೆ ಬೇರೆ ಆಸರೆ ಪರೀಕ್ಷಿಸುವ ಉದ್ದೇಶದಿಂದ, ಪಕ್ಕಗಳಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ತೆಂಗಿನ ಸಿಪ್ಪೆಯ ಚೂರುಗಳನ್ನು ಹಾಕಿದೆವು. ಉಪ್ಪಿನಂಶ ಹೋಗಲೆಂದು ನೀರು ಬದಲಾಯಿಸುತ್ತ ಚೆನ್ನಾಗಿ ನೆನೆಸಿ ಹಿಂಡಿಯೇ ಹಾಕಿದ್ದು. ಇದರ ಗತಿ ಮುಂದೆ ಬರುತ್ತದೆ.

2023 ಮೇ: ಜಾಗ ಮತ್ತು ಮಾಡು

ಗಾಜಿನ ಜಗುಲಿಯನ್ನು ಬಿಟ್ಟು, ಮನೆಯ ಈಶಾನ್ಯದ ಗೋಡೆಯಾಚೆ ಜಾಗ ಮಾಡಿದೆವು. ಬೆಳಗಿನ ಒಂಬತ್ತರವರೆಗೆ ಎಳೆಬಿಸಿಲು, ಆಮೇಲೆ ನೆರಳು, ಕಣಿವೆಯಿಂದ ಏರಿ ಬರುವ ಗಾಳಿ. ಮೇಲೆ ಎಂಟಕ್ಕೆ ನಾಲ್ಕು ಅಡಿಯ ಪಾಲಿಕಾರ್ಬನೇಟ್ ಶೀಟನ್ನು ಇಳಿಜಾರಾಗಿ ಕೂರಿಸಿ, ಅದರ ಕೆಳಗೆ ಅರ್ಧ ಬಿಸಿಲು ತಡೆಯುವ ನೆರಳುಪರದೆ ಕಟ್ಟಿದೆವು. ನಾಲ್ಕು ಬದಿಯೂ ತೆರೆದೇ ಇದೆ.

ಶೀಟಿನ ಇಳಿಜಾರಿನ ತುದಿಗೆ ಅರ್ಧ ಸೀಳಿದ ಪೈಪು ಕಟ್ಟಿ, ಅದರ ನೀರು ಡ್ರಮ್ಮಿಗೆ ಬೀಳುವಂತೆ ಮಾಡಿದ್ದೇವೆ. ಕಾಲಿಂಪಾಂಗ್‌ನಲ್ಲಿ ನಲ್ಲಿನೀರಿನ ಬವಣೆ ಹಳೆಯದು. ಬೇಸಿಗೆಯಲ್ಲಿ ಮನೆ ಬಳಕೆಗೇ ನೀರು ಅಳೆದು ಖರ್ಚು ಮಾಡಬೇಕು. ಡ್ರಮ್ಮು ತುಂಬಿದ್ದರೆ ಗಿಡಕ್ಕಾಗಿ ಯಾರನ್ನೂ ಕೇಳಬೇಕಾಗಿಲ್ಲ, ಅಲ್ಲದೆ ಮಳೆನೀರಿನಲ್ಲಿ ಲವಣವಿಲ್ಲದ್ದರಿಂದ ಎಲೆಯ ತುದಿ ಸುಡುವುದಿಲ್ಲ.

2023 ಜೂನ್‌ನಿಂದ ಸೆಪ್ಟೆಂಬರ್: ಮಳೆಗಾಲ

ಬುಟ್ಟಿಯ ತುಂಡಿನಲ್ಲಿ ಜೂನ್ ಮಧ್ಯಕ್ಕೆ ಬೇರು ಇಳಿದವು. ಪಾಚಿಯನ್ನು ಬೆರಳಿನಿಂದ ಸರಿಸಿದರೆ, ಬಿಳಿ ಬೇರಿನ ತುದಿಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಉದ್ದದ, ನೀರು ತುಂಬಿದಂತೆ ಹೊಳೆಯುವ ತಿಳಿಹಸಿರು ಭಾಗ ಕಾಣುತ್ತಿತ್ತು. ತುದಿ ಹಸಿರಾಗಿರುವಷ್ಟು ದಿನ ಬೇರು ಬೆಳೆಯುತ್ತಿದೆ ಎಂದರ್ಥ. ಅದು ಕಂಡ ಮೇಲಷ್ಟೇ ಗೊಬ್ಬರ ಆರಂಭಿಸಿದೆವು: ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ, ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಆಗಸ್ಟ್ ಕೊನೆಗೆ ನಿಲ್ಲಿಸಿದೆವು.

ತೆಂಗಿನ ಸಿಪ್ಪೆಯ ಕುಂಡ ಜುಲೈನಲ್ಲಿ ಕೆಟ್ಟಿತು. ಮಾಡಿನ ಕೆಳಗಿದ್ದರೂ ಇಲ್ಲಿನ ಮಳೆಗಾಲದ ಗಾಳಿಯಲ್ಲೇ ಅಷ್ಟು ತೇವವಿರುತ್ತದೆ, ಒಮ್ಮೆ ನೆನೆದ ಸಿಪ್ಪೆ ವಾರವಾದರೂ ಆರುವುದಿಲ್ಲ. ಹೊಸ ಚಿಗುರುಗಳು ಬುಡದಲ್ಲಿ ಕಪ್ಪಾಗಿ, ಹಿಡಿದರೆ ಕೈಗೆ ಬಂದವು. 9 ಗಡ್ಡೆಗಳಲ್ಲಿ 4 ಉಳಿದವು. ಅವನ್ನು ತೊಳೆದು, ಬರೀ ಇದ್ದಿಲು ಮತ್ತು ತೊಗಟೆಯ ಸಣ್ಣ ಬುಟ್ಟಿಗೆ ಹಾಕಿದ್ದೇವೆ. ಒಣಹವೆಯ ಬಯಲುಸೀಮೆಯಲ್ಲಿ, ಬೇರೆ ಜಾತಿಯ ಆರ್ಕಿಡ್‌ಗಳಿಗೆ ತೆಂಗಿನ ಸಿಪ್ಪೆ ಒಳ್ಳೆಯ ಆಸರೆಯೇ ಇರಬಹುದು. ಮೋಡದೊಳಗೆ ಮುಳುಗಿರುವ ಊರಿನಲ್ಲಿ ಅದನ್ನು ಈ ಗಿಡಕ್ಕೆ ನಾನು ಶಿಫಾರಸು ಮಾಡಲಾರೆ.

ಉತ್ತಿಸ್ ದಿಮ್ಮಿಯೂ ತಡೆಯಲಿಲ್ಲ. ಆಗಸ್ಟ್‌ನಲ್ಲಿ ತೊಗಟೆ ಹೊಟ್ಟೆಯುಬ್ಬಿ, ಬೇರು ಹಿಡಿದಿದ್ದ ತೊಗಟೆಯ ಸಮೇತ ಪೊದೆ ಮರದಿಂದ ಬೇರ್ಪಟ್ಟಿತು. ಆ ಮರ ಮೆದು, ಮಳೆಯಲ್ಲಿ ಬೇಗ ಹಾಳಾಗುವಂಥದ್ದು. ಆ ತೊಗಟೆಯನ್ನು ಬೇರಿನಿಂದ ಬಿಡಿಸದೆ, ಹಾಗೆಯೇ ಕಟುಸ್ (ಇಲ್ಲಿನ ಕಾಡು ಚೆಸ್ಟ್‌ನಟ್) ಮರದ ಗಟ್ಟಿ ದಿಮ್ಮಿಯ ಮೇಲಿಟ್ಟು, ಕಾಲುಚೀಲದ ಪಟ್ಟಿಗಳಿಂದ ಮತ್ತೆ ಬಿಗಿದೆವು. ಬೇರಿಗೆ ಪೆಟ್ಟಾಗಲಿಲ್ಲ. ಆದರೆ ಆ ವರ್ಷ ಅದರ ಗಡ್ಡೆಗಳು ಬುಟ್ಟಿಯವುಗಳಿಗಿಂತ ಸಣ್ಣವಾದವು.

2023 ಅಕ್ಟೋಬರ್‌ನಿಂದ 2024 ಜನವರಿ: ಒಣ ಬಿಡುವು

ಮಳೆ ನಿಂತು ಆಕಾಶ ತಿಳಿಯಾದ ಮೇಲೆ ಗಡ್ಡೆಗಳು ಕಣ್ಣಿಗೆ ಕಾಣುವಂತೆ ಊದಿಕೊಂಡವು. ಬುಟ್ಟಿಯ ಹೊಸ ಗಡ್ಡೆಗಳನ್ನು ಅಳೆದರೆ ಎರಡು ಇಂಚಿನ ಸಮೀಪ ಇದ್ದವು. ಹಳೆಯವು ಒಂದೂಕಾಲು ಇಂಚು ದಾಟಿರಲಿಲ್ಲ. ಅಕ್ಟೋಬರ್‌ನಲ್ಲಿ ನೆರಳುಪರದೆಯ ಒಂದು ಪಾಲನ್ನು ಮಡಚಿ ಬೆಳಕು ಹೆಚ್ಚಿಸಿದೆವು, ನೀರನ್ನು ವಾರಕ್ಕೊಮ್ಮೆಗೆ ಇಳಿಸಿದೆವು. ನವೆಂಬರ್ ಮಧ್ಯದಲ್ಲಿ ನೀರು ಪೂರ್ತಿ ನಿಲ್ಲಿಸಿದೆವು.

ಇಲ್ಲಿಂದ ಮುಂದಿನದು ಮನಸ್ಸು ಗಟ್ಟಿಮಾಡಿಕೊಳ್ಳಬೇಕಾದ ಕಾಲ. ಡಿಸೆಂಬರ್‌ನಲ್ಲಿ ಗಡ್ಡೆಗಳ ಮೇಲೆ ಉದ್ದುದ್ದ ಸುಕ್ಕು ಮೂಡುತ್ತದೆ, ಎಲೆ ಸ್ವಲ್ಪ ಮಡಚಿಕೊಳ್ಳುತ್ತದೆ, ನೋಡಿದವರೆಲ್ಲ ನೀರು ಹಾಕಿ ಎನ್ನುತ್ತಾರೆ. ಆಮಾ ದಿನವೂ ಬಂದು ನೋಡಿ ಮರುಗುತ್ತಿದ್ದರು. ಆದರೆ ಕಾಡಿನಲ್ಲಿ ಈ ಗಿಡ ಕಾಣುವ ಚಳಿಗಾಲ ಅದೇ: ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ, ಮಳೆಯಿಲ್ಲ, ಬೆಳಗಿನ ಇಬ್ಬನಿ ಮಾತ್ರ. ಆ ಇಬ್ಬನಿಯ ಬದಲಿಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ, ಬಿಸಿಲಿರುವ ಬೆಳಿಗ್ಗೆ, ಪಾಚಿಯ ಮೇಲ್ಮೈ ಒದ್ದೆಯಾಗುವಷ್ಟು ಮಾತ್ರ ನೀರು ಸಿಂಪಡಿಸಿದೆವು, ಮಧ್ಯಾಹ್ನದೊಳಗೆ ಆರುವಂತೆ. ಗೋಡೆಗೆ ನೇತುಹಾಕಿದ ತಾಪಮಾಪಕದಲ್ಲಿ ಜನವರಿಯ ರಾತ್ರಿಗಳು 8 ಡಿಗ್ರಿಯ ಹತ್ತಿರ ಇಳಿದವು. ಗಿಡವನ್ನು ಒಳಗೆ ತರಲಿಲ್ಲ. ಗಡ್ಡೆ ಸುಕ್ಕಾಗಿದ್ದರೂ ಗಟ್ಟಿಯಾಗಿರುವವರೆಗೆ ಚಿಂತೆಯಿಲ್ಲ. ಮೆತ್ತಗಾಗಿ, ಬಣ್ಣ ಹಳದಿಗೆ ತಿರುಗಿದರೆ ಮಾತ್ರ ನೀರು ಕೊಡಬೇಕು.

2024 ಫೆಬ್ರುವರಿ, ಮಾರ್ಚ್: ಮೊಗ್ಗು

ಜನವರಿ ಕೊನೆಯಲ್ಲಿ ಹೊಸ ಗಡ್ಡೆಗಳ ಬುಡದಲ್ಲಿ ಕಂದು ಹೊದಿಕೆಯ ಮೊಳಕೆಗಳು ಕಂಡವು. ಎಲೆಯ ಚಿಗುರೋ ಹೂಗೊಂಚಲೋ ಎಂದು ಮೊದಲ ವಾರ ಹೇಳುವುದು ಕಷ್ಟ. ಗೊಂಚಲಾದರೆ ಒಂದು ಇಂಚು ಬೆಳೆದ ಮೇಲೆ ಕೆಳಕ್ಕೆ ಬಾಗಿ, ಹೊದಿಕೆಯ ಒಳಗೆ ಮಣಿಮಣಿಯಾಗಿ ಗಂಟು ತೋರುತ್ತದೆ. ಆ ಗುರುತು ಸಿಗುವ ಮೊದಲೇ ನೀರು ಹೆಚ್ಚಿಸಿದರೆ ಮೊಗ್ಗು ಕರಟುವ ಅಪಾಯವಿರುವುದರಿಂದ, ಮೊಗ್ಗುಗಳು ಬಿಡಿಬಿಡಿಯಾಗಿ ಕಂಡ ನಂತರವೇ ವಾರಕ್ಕೊಮ್ಮೆ ನೀರು ಕೊಡತೊಡಗಿದೆವು.

ಆಗ ಬಂದವು ಚಿಪ್ಪಿಲ್ಲದ ಬಸವನಹುಳುಗಳು. ಹಗಲು ಬುಟ್ಟಿಯ ಸಂದಿನಲ್ಲಿದ್ದು, ರಾತ್ರಿ ಗೊಂಚಲಿನ ತುದಿಯನ್ನೇ ಮೇಯುತ್ತವೆ. ಒಂದು ಗೊಂಚಲು ಬೆಳಗಾಗುವುದರೊಳಗೆ ಮೊಂಡಾಗಿತ್ತು. ರಾತ್ರಿ ಟಾರ್ಚು ಹಿಡಿದು ಹೆಕ್ಕುವುದು, ಆಲೂಗಡ್ಡೆಯ ಬಿಲ್ಲೆಯನ್ನು ಪಾಚಿಯ ಮೇಲಿಟ್ಟು ಬೆಳಿಗ್ಗೆ ಅದರಡಿ ಸೇರಿದ್ದನ್ನು ತೆಗೆಯುವುದು, ಉಳಿದ ಗೊಂಚಲುಗಳ ಬುಡಕ್ಕೆ ಸಡಿಲವಾಗಿ ಹತ್ತಿ ಸುತ್ತುವುದು, ಈ ಮೂರನ್ನೂ ಒಟ್ಟಿಗೆ ಮಾಡಿದ ಮೇಲೆ ಹತೋಟಿಗೆ ಬಂದವು. ಹತ್ತಿ ಒದ್ದೆಯಾದರೆ ಪ್ರಯೋಜನವಿಲ್ಲ, ಬದಲಾಯಿಸಬೇಕು.

ಮಾರ್ಚ್ ಮೊದಲ ವಾರ ಬುಟ್ಟಿಯ ಪೊದೆಯಲ್ಲಿ ಐದು ಗೊಂಚಲು ಅರಳಿದವು, ಒಂದೊಂದರಲ್ಲಿ ನಾಲ್ಕರಿಂದ ಆರು ಹೂ. ಅಳೆದಾಗ ಅಗಲದ ಹೂ ಮೂರು ಇಂಚಿಗೆ ಸ್ವಲ್ಪ ಕಡಿಮೆ. ದಿಮ್ಮಿಯ ತುಂಡಿನಲ್ಲಿ ಹೂ ಬರಲಿಲ್ಲ. ಪರಿಮಳ ತಿಳಿಯುವುದು ಬಿಸಿಲು ಬಿದ್ದು ಹೂ ಸ್ವಲ್ಪ ಬೆಚ್ಚಗಾದ ಮೇಲೆ. ಮುಂಜಾನೆಯ ಚಳಿಯಲ್ಲಿ ಮೂಗು ಹತ್ತಿರ ತಂದರೂ ಏನೂ ಸಿಗುವುದಿಲ್ಲ. ದಳಕ್ಕೆ ನೀರು ತಾಗಿದಲ್ಲಿ ಮರುದಿನವೇ ಕಂದು ಚುಕ್ಕೆ ಬೀಳುವುದರಿಂದ, ಹೂ ಇರುವಷ್ಟು ಕಾಲ ಬುಟ್ಟಿಯ ಬದಿಯಿಂದ ಪಾಚಿಗಷ್ಟೇ ನೀರು ಹನಿಸಿದೆವು. ಹಾಗೆ ನೋಡಿಕೊಂಡ ಗೊಂಚಲುಗಳು ನಾಲ್ಕು ವಾರ ಬಾಳಿದವು.

ಮಾರ್ಚ್ ಕೊನೆಯ ಒಂದು ಸಂಜೆ ಆಲಿಕಲ್ಲು ಬಿತ್ತು. ಈ ಬೆಟ್ಟಗಳಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆಗಳಲ್ಲಿ ಅದು ಸಾಮಾನ್ಯ. ಪಾಲಿಕಾರ್ಬನೇಟ್ ತಡೆದುಕೊಂಡಿತು, ಬದಿಯಿಂದ ಹಾರಿ ಬಂದ ಕಲ್ಲುಗಳು ದಿಮ್ಮಿಯ ತುಂಡಿನ ಎಲೆಗಳನ್ನು ಸೀಳಿದವು. ಈಗ ಗಾಳಿ ಬರುವ ಬದಿಗೆ ಹಳೆಯ ನೆರಳುಪರದೆಯನ್ನು ಪರದೆಯಂತೆ ಇಳಿಬಿಟ್ಟಿದ್ದೇವೆ. ಫೆಬ್ರುವರಿಯಿಂದ ಮೇ ವರೆಗೆ ಮಾತ್ರ, ನಂತರ ಗಾಳಿಗಾಗಿ ಸುತ್ತಿಡುತ್ತೇವೆ.

ಖರ್ಚು

ಧುಪಿ ತುಂಡುಗಳು 300 ರೂಪಾಯಿ, ಸೀಳಿದ ಕೂಲಿ 250, ಸ್ಟೀಲ್ ಸರಳು ಮತ್ತು ಮೊಳೆ 420, ಸರಪಳಿ ಮತ್ತು ಕೊಕ್ಕೆ 260, ಪೈನ್ ತೊಗಟೆ 360, ಪಾಚಿ 150, ಮ್ಯಾಂಕೋಜೆಬ್ 90, ನೆರಳುಪರದೆ 480, ಪಾಲಿಕಾರ್ಬನೇಟ್ ಶೀಟು 2,100. ಒಟ್ಟು 4,410 ರೂಪಾಯಿ. ಇದ್ದಿಲು ಅಡುಗೆಮನೆಯದು, ಮಾಡಿಗೆ ಬಿದಿರು ಹಿತ್ತಿಲಿನದು. ಸೂರಿನ ಕೆಳಗೆ ಜಾಗವಿರುವವರಿಗೆ ಶೀಟಿನ ಖರ್ಚು ಬೇಕಾಗದು. ಪಾಚಿ ಮತ್ತು ತೊಗಟೆಯನ್ನು ನರ್ಸರಿಯಿಂದಲೇ ತಂದದ್ದು. ಗಿಡ ಬೇಕೆನ್ನುವವರೂ ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಕಾಡಿನ ಮರದಿಂದ ಕಿತ್ತು ತಂದ ಪೊದೆಯ ಬೇರುಗಳೆಲ್ಲ ತೊಗಟೆಯಲ್ಲೇ ಉಳಿದು ಹೋಗಿರುತ್ತವೆ, ಮನೆಯಲ್ಲಿ ಅದು ಸಾಯುತ್ತ ಬದುಕುತ್ತದೆ. ಆ ಮರದ ಮೇಲೆ ಅಷ್ಟು ದೊಡ್ಡ ಪೊದೆ ಮತ್ತೆ ಕಾಣಬೇಕಾದರೆ ದಶಕಗಳೇ ಬೇಕು.

2025 ಮಾರ್ಚ್: ಈಗಿನ ಸ್ಥಿತಿ

ಎರಡನೆಯ ಚಳಿಗಾಲವನ್ನೂ ಇದೇ ಕ್ರಮದಲ್ಲಿ ಕಳೆದ ಬುಟ್ಟಿಯ ಪೊದೆಯಲ್ಲಿ ಈ ಸಲ 11 ಗೊಂಚಲು ಬಂದಿವೆ. ಕಟುಸ್ ದಿಮ್ಮಿಯ ತುಂಡಿನಲ್ಲಿ ಎರಡು. ಅದರ ಬೇರುಗಳು ಈಗ ಮರದ ಒರಟು ತೊಗಟೆಯ ಬಿರುಕುಗಳಲ್ಲಿ ಹರಿದಿವೆ, ಕಾಲುಚೀಲದ ಪಟ್ಟಿಗಳನ್ನು ಬಿಚ್ಚಿ ತೆಗೆದಾಯಿತು. ತೆಂಗಿನ ಸಿಪ್ಪೆಯಿಂದ ಪಾರಾದ 4 ಗಡ್ಡೆಗಳ ತುಂಡು ಎರಡು ವರ್ಷದಲ್ಲಿ ಎರಡೇ ಹೊಸ ಗಡ್ಡೆ ಕಟ್ಟಿದೆ, ಅವೂ ಸಣ್ಣವು. ಅದನ್ನು ದೊಡ್ಡ ಬುಟ್ಟಿಯ ಖಾಲಿ ಮೂಲೆಗೆ ಸೇರಿಸಿಬಿಡುವುದೋ ಪ್ರತ್ಯೇಕವಾಗಿಯೇ ಬೆಳೆಸುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬೇರನ್ನು ಮತ್ತೆ ಕದಡುವುದಕ್ಕೆ ನನಗೆ ಮನಸ್ಸಿಲ್ಲ.

ಬುಟ್ಟಿಯ ರೀಪುಗಳು ಗಟ್ಟಿಯಾಗಿವೆ. ತಳದ ಒಂದು ರೀಪಿನಲ್ಲಿ ಬಿಳಿ ಭಾಗ ಸ್ವಲ್ಪ ಉಳಿದಿತ್ತು, ಅಷ್ಟು ಮಾತ್ರ ಮೆತ್ತಗಾಗಿದೆ. ಮೇಲಿನ ಪಾಚಿ ಕುಸಿದು ಕಪ್ಪಾಗಿರುವುದರಿಂದ, ಹೂ ಮುಗಿದ ಕೂಡಲೇ ಅದನ್ನು ಚಿಮಟದಿಂದ ಎತ್ತಿ ತೆಗೆದು ಹೊಸದನ್ನು ಸೇರಿಸಬೇಕು. ಪೊದೆಯನ್ನು ಬುಟ್ಟಿಯಿಂದ ಹೊರತೆಗೆಯುವ ಅಗತ್ಯ ಬರುವುದು ತೊಗಟೆ ಪುಡಿಯಾಗತೊಡಗಿದಾಗ, ಅಂದರೆ ಇನ್ನೂ ಎರಡು ಮೂರು ವರ್ಷಗಳ ನಂತರ. ಅಷ್ಟರಲ್ಲಿ ಅಂಚಿನ ಗಡ್ಡೆಗಳು ರೀಪುಗಳನ್ನು ದಾಟಿ ಹೊರಕ್ಕೆ ಬಂದಿರುತ್ತವೆ. ಆಗ ಗಿಡವನ್ನು ಬಿಡಿಸದೆ, ಈ ಬುಟ್ಟಿಯನ್ನು ಹಾಗೆಯೇ 20 ಇಂಚಿನ ಬುಟ್ಟಿಯೊಳಗೆ ಇಳಿಸಿ ಸುತ್ತ ಹೊಸ ತೊಗಟೆ ತುಂಬುವ ಯೋಚನೆಯಿದೆ. ಅದಕ್ಕೆ ಬೇಕಾದ ಕೆಂಪು ಧುಪಿ ತುಂಡುಗಳನ್ನು ಈಗಲೇ ಆರಿಸಿ ಎತ್ತಿಡುವಂತೆ ಮಿಸ್ತ್ರಿ ದಾಜುವಿಗೆ ಹೇಳಿದ್ದೇನೆ.